ಹೆರಿಗೆ ಕೋಣೆಯಲ್ಲಿ ಸುಮ್ಮನೆ ಕೂರುವುದು

ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ನಾಲ್ಕು ಜನ ಹೋದ ತಿಂಗಳು ಸಹಕಾರನಗರದ ನಮ್ಮ ಮನೆಗೆ ಬಂದಿದ್ದರು. ಸೋಫಾದ ತುದಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, "ಮೇಡಂ, ನಿಮ್ಮ ಎಕ್ಸ್‌ಪೀರಿಯನ್ಸ್ ಬರೆದುಕೊಡಿ, ನಮಗೆ ಇನ್‌ಸ್ಪಿರೇಷನ್ ಆಗುತ್ತೆ" ಅಂದರು. ಅವರಲ್ಲೊಬ್ಬಳು ನನ್ನ ಬಲಗೈ ಹಿಡಿದು, "ಈ ಕೈಯಲ್ಲಿ ಎಷ್ಟು ಮಕ್ಕಳು ಹುಟ್ಟಿವೆಯೋ!" ಅಂತ ಕಣ್ಣಿಗೆ ಒತ್ತಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು. ಕೈ ಕಿತ್ತುಕೊಂಡೆ. ಪಾಪ, ಆ ಹುಡುಗಿ ಬೆಚ್ಚಿಬಿದ್ದು ಲೋಟ ಕೆಳಗಿಟ್ಟಳು.

ಅವಳಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಇನ್‌ಸ್ಪಿರೇಷನ್ ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ. ಬೀಳ್ಕೊಡುಗೆಯ ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಇದರಲ್ಲಿ ಇಲ್ಲ. ಮೂವತ್ತಾರು ವರ್ಷ ಹೆರಿಗೆ ಕೋಣೆಯಲ್ಲಿ ನಿಂತವಳು ನಾನು. ಆಸ್ಪತ್ರೆಯ ಹೆಸರು ಬೇಡ, ಊರಿನ ಈ ಬಡಗಣ ಭಾಗದ್ದು ಅಂದರೆ ಸಾಕು. ನಾನು ನನ್ನ ತೋಳಿನ ಬಲವನ್ನು ನಂಬಿದೆ, ದೇವರನ್ನು ನಂಬಲಿಲ್ಲ. ಆಮೇಲೆ ನನ್ನ ತೋಳು ಮಾಡಿದ್ದನ್ನು ದೇವರು ಮಾಡಿದ್ದು ಅಂತ ಹೇಳಿ ತಪ್ಪಿಸಿಕೊಂಡೆ. ನನ್ನ ಎಕ್ಸ್‌ಪೀರಿಯನ್ಸು ಇಷ್ಟೇ.

ನಾನು ಹುಟ್ಟಿ ಬೆಳೆದದ್ದು ಅಮೃತಹಳ್ಳಿಯಲ್ಲಿ. ಆಗ ಅದು ಹೆಸರಿಗೆ ತಕ್ಕ ಹಳ್ಳಿಯೇ. ನಮ್ಮ ಕೊಟ್ಟಿಗೆಯಲ್ಲಿ ಏಳೆಂಟು ಹಸುಗಳಿದ್ದವು. ಕರು ಹೊರಗೆ ಬರದೆ ಸಿಕ್ಕಿಕೊಂಡರೆ ಅಪ್ಪ ಅದರ ಮುಂಗಾಲಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಹನ್ನೆರಡು ವರ್ಷದ ನಾನು ಅವರ ಹಿಂದೆ ಹಗ್ಗ ಹಿಡಿದು, ಹಿಮ್ಮಡಿ ನೆಲಕ್ಕೆ ಊರಿ ಎಳೆಯುತ್ತಿದ್ದೆ. ಕರು ಜಾರಿ ಹುಲ್ಲಿನ ಮೇಲೆ ಬಿದ್ದಾಗ ಅಪ್ಪ ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, "ನಮ್ ಜಯಾ ಕೈ ಹಾಕಿದ್ಲು ಅಂದ್ರೆ ಮುಗೀತು" ಅನ್ನುತ್ತಿದ್ದರು. ಆ ಮಾತು ನನ್ನ ತಲೆಗೆ ಏರಿತು. ಇಳಿಯುವುದಕ್ಕೆ ಬಹಳ ವರ್ಷ ಹಿಡಿಯಿತು, ಇಳಿಯುವಾಗ ಒಬ್ಬಳ ಕೈ ಹೋಗಿತ್ತು.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಹೆರಿಗೆ ಕೋಣೆ ಅಂದರೆ ಎರಡು ಕಬ್ಬಿಣದ ಮೇಜು, ಒಂದು ಗಡಿಯಾರ, ಮೂಲೆಯಲ್ಲಿ ಒಂದು ಮರದ ಸ್ಟೂಲು. ಆ ಸ್ಟೂಲಿನ ಮೇಲೆ ಆಯಾ ಮುನಿಯಮ್ಮ ಕೂತಿರುತ್ತಿದ್ದರು. ಸೋಲದೇವನಹಳ್ಳಿ ಕಡೆಯವರು. ಆಸ್ಪತ್ರೆಗೆ ಬರುವ ಮುಂಚೆ ಹಳ್ಳಿಯಲ್ಲಿ ಸೂಲಗಿತ್ತಿಯಾಗಿದ್ದವರು. ನೋವು ತಿನ್ನುತ್ತಿರುವ ಹೆಂಗಸಿನ ಮುಡಿ ಬಿಚ್ಚುವುದು, ಸೊಂಟದ ದಾರ ಸಡಿಲ ಮಾಡುವುದು, ಬೆನ್ನು ನೀವುವುದು, ಇಷ್ಟು ಮಾಡಿ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತುಬಿಡುತ್ತಿದ್ದರು. ನನಗೋ ಅವರನ್ನು ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

"ಏನ್ ಮುನಿಯಮ್ಮ, ಸಿನಿಮಾ ನೋಡೋಕ್ ಬಂದಿದ್ದೀರಾ?" ಅಂದೆ ಒಂದು ದಿನ.

"ಇಂಗೇ ಕುಂತ್ಕಳೋದೂ ಕೆಲ್ಸಾನೇ ಸಿಸ್ಟ್ರಮ್ಮ. ಅವ್ನು ಒಳ್ಗೆ ಮಾಡ್ತಾವ್ನೆ. ನಾವ್ ಕೈ ಆಕುದ್ರೆ ಅವ್ನಿಗೆ ಅಡ್ಡ ಆಯ್ತದೆ."

"ಅವನು ಅಂದ್ರೆ ಯಾರು?"

ಮುನಿಯಮ್ಮ ಎಲೆಅಡಿಕೆ ಜಗಿಯುತ್ತಾ ಮೇಲಕ್ಕೆ ಗದ್ದ ಎತ್ತಿ ತೋರಿಸಿದರು. ಮೇಲೆ ಇದ್ದದ್ದು ಕೆಟ್ಟು ನಿಂತ ಫ್ಯಾನು. ನಾನು ಕಿಸಕ್ಕನೆ ನಕ್ಕೆ. ಅವರೂ ನಕ್ಕರು. ಅವರ ಮನಸ್ಸಿಗೆ ನೋವಾಗಿತ್ತೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ನನ್ನ ಕೆಲಸದ ರೀತಿಯೇ ಬೇರೆ ಇತ್ತು. ಒಂದು ಹೆಂಗಸು ಮೇಜಿನ ಮೇಲೆ ಮಲಗಿದಳೆಂದರೆ ಅವಳ ಹೆರಿಗೆ ಮುಗಿಸಿಯೇ ಇಳಿಸಬೇಕು. "ಮುಕ್ಕು, ಮುಕ್ಕಮ್ಮಾ!" ಅಂತ ನಾನು ಕೂಗಿದರೆ ಬೀದಿಯ ಆಟೋದವರಿಗೂ ಕೇಳಿಸುತ್ತಿತ್ತು. ಆಮೇಲೆ ಸ್ಟೂಲು ಹತ್ತಿ ನಿಂತು, ಮೊಣಕೈಯಿಂದ ಮಣಿಕಟ್ಟಿನವರೆಗಿನ ತೋಳನ್ನು ಹೊಟ್ಟೆಯ ಮೇಲ್ಭಾಗಕ್ಕೆ ಅಡ್ಡ ಇಟ್ಟು ಕೆಳಕ್ಕೆ ಒತ್ತುವುದು. ಹಾಗೆ ಒತ್ತಬಾರದು ಅಂತ ಯಾವ ಪುಸ್ತಕದಲ್ಲಿ ಬರೆದಿದ್ದರೂ ನಮ್ಮ ಕಡೆ ಎಲ್ಲರೂ ಒತ್ತುತ್ತಿದ್ದರು. ಒತ್ತುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಭೀಮಕ್ಕ ಅಂತ ಹೆಸರಿಟ್ಟಿದ್ದರು. ಎದುರಿಗೆ ಕೋಪ ತೋರಿಸುತ್ತಿದ್ದೆ, ಒಳಗೊಳಗೆ ಹಿಗ್ಗುತ್ತಿದ್ದೆ.

ನಮ್ಮ ಡಾಕ್ಟರಮ್ಮನ ವಿಷಯ ಹೇಳಬೇಕು. ಜಾಣೆ, ಕೈಗುಣ ಚೆನ್ನಾಗಿತ್ತು, ಆದರೆ ಹನ್ನೊಂದೂವರೆ ಆಯಿತೆಂದರೆ ಸ್ವಂತ ಕ್ಲಿನಿಕ್ ನೆನಪಾಗುತ್ತಿತ್ತು. ಪರ್ಸು ಹೆಗಲಿಗೆ ಹಾಕಿಕೊಳ್ಳುತ್ತಾ ದಿನವೂ ಒಂದೇ ಮಾತು: "ಮೇಲೆ ದೇವರಿದ್ದಾನೆ, ಕೆಳಗೆ ಜಯಾ ಇದ್ದಾಳೆ. ನನಗ್ಯಾಕೆ ಚಿಂತೆ?" ನನಗೆ ಕೋಡು ಮೂಡುತ್ತಿತ್ತು. ಆ ಇಬ್ಬರಲ್ಲಿ ಸಮಯಕ್ಕೆ ಸರಿಯಾಗಿ ಡ್ಯೂಟಿಗೆ ಬರುವವಳು ನಾನೊಬ್ಬಳೇ ಅಂತ ಮುನಿಯಮ್ಮನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಮುನಿಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು.

ದೇವರ ಮೇಲೆ ಭಾರ ಹಾಕುವುದರಲ್ಲಿ ನಮ್ಮ ಆಸ್ಪತ್ರೆಯವರು ನಿಸ್ಸೀಮರು. ಕತ್ತರಿ, ಇಕ್ಕಳ ಕುದಿಸುವ ಸ್ಟೀಮ್ ಡಬ್ಬದ ರಬ್ಬರು ಹರಿದು ಆವಿ ನಿಲ್ಲುತ್ತಿರಲಿಲ್ಲ. ಹೊಸ ರಬ್ಬರಿಗೆ ಬರೆದು ಬರೆದು ಸಾಕಾಯಿತು. ಆಯುಧಪೂಜೆಯ ದಿನ ಮಾತ್ರ ಆ ಡಬ್ಬಕ್ಕೆ ಅರಿಶಿನ ಕುಂಕುಮ ಬಳಿದು, ಚೆಂಡುಹೂವಿನ ಹಾರ ಹಾಕಿ, ಮುಂದೆ ಬೂದುಗುಂಬಳ ಒಡೆಯುತ್ತಿದ್ದರು. ಮೇಲಿನ ಆಫೀಸಿನಿಂದ ಒಬ್ಬರು ತಪಾಸಣೆಗೆ ಬಂದು, ಡಬ್ಬದ ಮೇಲಿನ ಕುಂಕುಮ ಕಣ್ಣಿಗೊತ್ತಿಕೊಂಡು, ಡಬ್ಬದ ಮುಚ್ಚಳ ತೆಗೆದು ನೋಡದೆ ಹೋದರು. ಇಂಥದ್ದನ್ನೆಲ್ಲ ಕಂಡು ನನಗೆ ದೇವರು ಅಂದರೆ ಕೈಲಾಗದವರ ನೆಪ ಅಂತ ಗಟ್ಟಿಯಾಗಿಬಿಟ್ಟಿತ್ತು. ನನ್ನ ಕೈಲಾಗುತ್ತಿತ್ತಲ್ಲ, ನನಗೆ ಅವನು ಬೇಕಿರಲಿಲ್ಲ.

ಇನ್ನು ಶಮೀಮ್ ವಿಷಯ.

ಹೆಬ್ಬಾಳದ ಕಡೆಯವಳು. ಗಂಡ ಆಟೋ, ಕಾರುಗಳ ಸೀಟು ಹೊಲಿಯುವವನು. ಇದು ಮೂರನೆಯ ಹೆರಿಗೆ. ಮೊದಲಿನ ಎರಡು ಗಂಡುಮಕ್ಕಳ ಹೆರಿಗೆಯನ್ನೂ ನಾನೇ ಮಾಡಿಸಿದ್ದೆ, ಸಲೀಸಾಗಿ ಆಗಿದ್ದವು. ಈ ಸಲ ಹೊಟ್ಟೆ ಬಹಳ ದೊಡ್ಡದಿತ್ತು, ಸಕ್ಕರೆ ಅಂಶ ಇತ್ತು, ದಿನವೂ ತುಂಬಿಹೋಗಿತ್ತು. ದೊಡ್ಡಾಸ್ಪತ್ರೆಗೆ ಕಳಿಸಬೇಕಾದ ಕೇಸು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಒಂದು ಗಳಿಗೆ ಯೋಚಿಸಿ, "ಮೂರನೇದು ತಾನೇ, ಆಗುತ್ತೆ. ಜಯಾ ಇದ್ದಾಳೆ" ಅಂದರು. ನಾನೂ ತಲೆಯಾಡಿಸಿದೆ. ಹನ್ನೊಂದೂವರೆಗೆ ಪರ್ಸು ಹೆಗಲಿಗೇರಿತು.

ಶಮೀಮ್‌ಳ ಅತ್ತೆ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬುರ್ಖಾದ ಮುದುಕಿ, ಮಡಿಲಲ್ಲಿ ನೀರು ತುಂಬಿದ ಸ್ಟೀಲ್ ಬಟ್ಟಲು. ಅದರೊಳಗೆ ಮುಷ್ಟಿ ಕಟ್ಟಿದ ಹಾಗಿರುವ ಒಂದು ಒಣಗಿದ ಗಿಡ. ಮರಿಯಂ ಕಾ ಪಂಜಾ ಅಂತಾರೆ ಅದಕ್ಕೆ. ಹಜ್‌ಗೆ ಹೋದವರು ತಂದಿಟ್ಟುಕೊಂಡಿರುತ್ತಾರೆ, ಒಂದು ಬೀದಿಯವರೆಲ್ಲ ಹೆರಿಗೆಗೆ ಅದನ್ನೇ ಇಸಕೊಂಡು ಬರುತ್ತಾರೆ. ನೀರಿನಲ್ಲಿ ನೆನೆದ ಹಾಗೆ ಒಂದೊಂದೇ ಎಸಳು ಬಿಚ್ಚುತ್ತಾ ಹೋಗುತ್ತದೆ. ಅದು ಪೂರ್ತಿ ಬಿಚ್ಚಿಕೊಳ್ಳುವ ಹೊತ್ತಿಗೆ ಮಗು ಆಗುತ್ತದೆ ಅಂತ ನಂಬಿಕೆ. ಅಲ್ಲಿಯವರೆಗೆ ಮನೆಯವರು ಯಾರನ್ನೂ ಅವಸರಪಡಿಸುವುದಿಲ್ಲ, ಬಟ್ಟಲು ನೋಡುತ್ತಾ ದುವಾ ಓದುತ್ತಾ ಕೂತಿರುತ್ತಾರೆ.

ನಾನು ಶಮೀಮ್‌ಗೆ ಡ್ರಿಪ್ ಹಚ್ಚಿ ನೋವು ಜಾಸ್ತಿ ಮಾಡಿ ಹೊರಗೆ ಬಂದೆ. ಮುದುಕಿ ಬಟ್ಟಲು ನನ್ನ ಮುಂದೆ ಹಿಡಿದು, "ಪೂರಾ ಖುಲ್ಯಾ ನೈ ಮಾ, ಜರಾ ಠೈರೋ" ಅಂದರು. ಪೂರ್ತಿ ಬಿಚ್ಚಿಲ್ಲ ತಾಯಿ, ಸ್ವಲ್ಪ ತಡಿ ಅಂತ. ಬೆಳಗಿನಿಂದ ಐದನೇ ಹೆರಿಗೆ ನನಗೆ. ಮೂರು ಗಂಟೆಗೆ ಡ್ಯೂಟಿ ಮುಗಿಯುವ ಮುಂಚೆ ಎಲ್ಲವನ್ನೂ ಮುಗಿಸಿ ಎದ್ದು ಹೋಗುವ ಹಟ.

"ಅಜ್ಜೀ, ನಿಮ್ಮ ಗಿಡ ಬಿಚ್ಚೋವರೆಗೂ ಕಾಯ್ತಾ ಕೂರೋಕೆ ನನಗೇನ್ ಬೇರೆ ಕೆಲಸ ಇಲ್ವಾ? ನಾನ್ ಇದ್ದೀನಿ, ನೋಡ್ತಾ ಇರಿ" ಅಂದೆ.

ಮುದುಕಿಗೆ ಕನ್ನಡ ಅರ್ಥವಾಯಿತೋ ಇಲ್ಲವೋ. ಬಟ್ಟಲನ್ನು ಮತ್ತೆ ಮಡಿಲಿಗೆ ಇಳಿಸಿಕೊಂಡರು.

ಒಳಗೆ ಹತ್ತೇ ನಿಮಿಷದಲ್ಲಿ ತಲೆ ಬಂತು. ಬಂದದ್ದು, ಮತ್ತೆ ಒಳಕ್ಕೆ ಎಳೆದುಕೊಂಡಿತು. ಗದ್ದ ಕೂಡ ಕಾಣಿಸದ ಹಾಗೆ ಒತ್ತಿ ಕೂತಿತು. ಭುಜ ಮೂಳೆಗೆ ಸಿಕ್ಕಿಕೊಂಡಿತ್ತು. ಹುಡುಗಿಯರೇ, ನಿಮಗಿದನ್ನು ಈಗ ಕಲಿಸುತ್ತಾರೆ. ನನಗೆ ಆಗ ಗೊತ್ತಿದ್ದದ್ದು ಒಂದೇ ವಿದ್ಯೆ. ತಲೆ ಹಿಡಿದು ಕೆಳಕ್ಕೆ ಎಳೆದೆ. ಬರಲಿಲ್ಲ. ಮಗುವಿನ ಮುಖ ನೀಲಿ ತಿರುಗುತ್ತಿತ್ತು. ಇನ್ನೂ ಜೋರಾಗಿ ಎಳೆದೆ.

ಮುನಿಯಮ್ಮ ಸ್ಟೂಲಿನಿಂದ ಎದ್ದು ಬಂದರು. "ಎಳೀಬ್ಯಾಡಿ ಸಿಸ್ಟ್ರಮ್ಮ! ಬುಟ್ಬುಡಿ! ಕಾಲ್ ಮಡ್ಚಿ ಮಂಡಿ ಎದೆಗ್ ತರ್ತೀನಿ, ಒಸಿ ತಡೀರಿ, ಅದೇ ಬತ್ತದೆ!"

ಶಮೀಮ್‌ಳ ಕಾಲಿಗೆ ಅವರು ಕೈ ಹಾಕಿಯೂ ಆಗಿತ್ತು. ನಾನು ಮೊಣಕೈಯಿಂದ ಅವರನ್ನು ಪಕ್ಕಕ್ಕೆ ತಳ್ಳಿದೆ. "ಹೋಗ್ರೀ ಆ ಕಡೆ! ಮಗು ಸಾಯ್ತಿದೆ, ಇವರಿಗೆ ಬುಟ್ಬುಡಬೇಕಂತೆ!" ಅಂದೆ. ಕೊಟ್ಟಿಗೆಯಲ್ಲಿ ಮಾಡುತ್ತಿದ್ದಂತೆ ಹಿಮ್ಮಡಿ ನೆಲಕ್ಕೆ ಊರಿದೆ. ನನ್ನ ಬೆರಳುಗಳ ಕೆಳಗೆ, ಆ ಪುಟ್ಟ ಕತ್ತಿನ ಪಕ್ಕದಲ್ಲಿ, ಏನೋ ಒಂದು ಸಡಿಲವಾಯಿತು. ಆಗಲೇ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಸುಳ್ಳು.

ಹೆಣ್ಣು ಮಗು. ನಾಲ್ಕು ಕೆಜಿಗಿಂತ ಹೆಚ್ಚು. ಬೆನ್ನು ತಿಕ್ಕಿದ ಮೇಲೆ ಅತ್ತಿತು. ಹೊರಗೆ ಮುದುಕಿ ಅಲ್ಲಾನ ಹೆಸರೆತ್ತಿ ಗಟ್ಟಿಯಾಗಿ ಅತ್ತರು. ನಾನು ಮಗುವನ್ನು ತಕ್ಕಡಿಯ ಮೇಲಿಟ್ಟೆ. ಎಡಗೈ, ಎರಡು ಕಾಲು ಬಡಿಯುತ್ತಿತ್ತು. ಬಲಗೈ ಪಕ್ಕಕ್ಕೆ ಜೋತುಬಿದ್ದಿತ್ತು, ಅಂಗೈ ಹಿಂದಕ್ಕೆ ತಿರುಗಿತ್ತು. ಎತ್ತಿ ಬಿಟ್ಟೆ, ಧೊಪ್ಪನೆ ಬಿತ್ತು. ಮತ್ತೆ ಎತ್ತಿ ಬಿಟ್ಟೆ.

ಡಾಕ್ಟರಮ್ಮ ಎರಡೂವರೆಗೆ ಬಂದರು. ಅವರೂ ಎತ್ತಿ ಬಿಟ್ಟು ನೋಡಿದರು. ನನ್ನ ಮುಖ ನೋಡಿದರು. ಕೇಸ್ ಷೀಟಿನಲ್ಲಿ ಸಹಜ ಹೆರಿಗೆ ಅಂತ ಬರೆದರು. ಪೆನ್ನಿನ ಕ್ಯಾಪ್ ಹಾಕುತ್ತಾ ತಗ್ಗಿದ ದನಿಯಲ್ಲಿ, "ಎಷ್ಟೋ ಸಲ ತಾನಾಗೇ ಸರಿಹೋಗುತ್ತೆ. ಕೇಳಿದರೆ ಹುಟ್ಟಿನಿಂದ ಹೀಗೇ, ದೇವರ ಇಚ್ಛೆ ಅಂತ ಹೇಳು. ಅವರು ನಂಬುವ ಜನ" ಅಂದರು.

ನಂಬುವ ಜನ. ಸರಿಯಾಗಿ ಹೇಳಿದ್ದರು. ವಾರ್ಡಿಗೆ ಹೋಗಿ ಶಮೀಮ್‌ಗೆ ಹೇಳಿದೆ: "ಒಂದು ಕೈ ಸ್ವಲ್ಪ ವೀಕು ಕಣಮ್ಮ. ದೇವರು ಕೊಟ್ಟಿದ್ದು, ಏನ್ ಮಾಡೋಕಾಗುತ್ತೆ." ಶಮೀಮ್ ಮಗುವಿನ ಕೈ ನೋಡಿದಳು, ನನ್ನನ್ನು ನೋಡಿದಳು. "ಅಲ್ಲಾ ಕೊಟ್ಟಿದ್ದು ಸಿಸ್ಟರ್, ನಮ್ದೇನಿದೆ. ನೀವ್ ಜೀವ ಉಳ್ಸಿದ್ರಲ್ಲ" ಅಂದಳು. ನನ್ನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡಳು. ನಾನು ಒತ್ತಿಸಿಕೊಂಡೆ. ಆ ಗಳಿಗೆಯ ಮಟ್ಟಿಗೆ ನನಗೆ ದೇವರು ಬಹಳ ಬೇಕಾದವನಾಗಿದ್ದ.

ಮುನಿಯಮ್ಮ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆದರೆ ನನಗೆ ಎಲೆಅಡಿಕೆ ಮಡಚಿಕೊಡುವುದನ್ನು ನಿಲ್ಲಿಸಿದರು. ಒಂದು ವಾರ ಬಿಟ್ಟು, ಬಟ್ಟೆ ತೊಳೆಯುವ ಕಲ್ಲಿನ ಹತ್ತಿರ ಒಂದೇ ಮಾತು ಅಂದರು: "ಆ ಯೆಣ್ಣಿಗೆ ಹೇಳ್ಬುಡಿ ಸಿಸ್ಟ್ರಮ್ಮ. ಬ್ಯಾಗ ಎಲ್ಲಾದ್ರೂ ತೋರುಸ್ಕತ್ತಾಳೆ." ನಾನು ಸಿಡುಕಿ, ನಿಮ್ಮ ಕೆಲಸ ನೋಡ್ಕೊಳ್ಳಿ ಅಂದೆ. ಸುಮ್ಮನೆ ಹೇಳಿದ್ದರೆ ಆ ಮಗುವನ್ನು ತಿಂಗಳೊಳಗೆ ತಕ್ಕ ಡಾಕ್ಟರ ಹತ್ತಿರ ಒಯ್ಯುತ್ತಿದ್ದರು, ವ್ಯಾಯಾಮ ಮಾಡಿಸುತ್ತಿದ್ದರು, ಅರ್ಧವಾದರೂ ಕೈ ಬರುತ್ತಿತ್ತೋ ಏನೋ. ನಾನು ಕೆಡಿಸಿದ್ದು ಒಂದು ಸಲ ಅಲ್ಲ, ಎರಡು ಸಲ.

ಮುಂದಿನ ರಂಜಾನ್ ಹಬ್ಬದ ಮಾರನೆಯ ದಿನ ಶಮೀಮ್ ವಾರ್ಡಿನ ಬಾಗಿಲಿಗೆ ಬಂದಳು. ಕೈಯಲ್ಲಿ ಹಬ್ಬದ ಶಾವಿಗೆ ಪಾಯಸ, ಒಂದು ಡಬ್ಬಿ ಶೀರ್ ಖುರ್ಮಾ, ಕಂಕುಳಲ್ಲಿ ಮಗು. ಮಗುವಿಗೆ ನಾಜ್ನೀನ್ ಅಂತ ಹೆಸರಿಟ್ಟಿದ್ದರು. ಅದಾದ ಮೇಲೆ ಪ್ರತಿ ವರ್ಷ ಬಂದಳು. ಮಗು ನಡೆಯುವ ಹಾಗಾಯಿತು, ಶಾಲೆಗೆ ಹೋಗುವ ಹಾಗಾಯಿತು. ಯಾವಾಗಲೂ ತುಂಬು ತೋಳಿನ ಅಂಗಿ, ಬಲಗೈ ಮೈಗೆ ಅಂಟಿಕೊಂಡಿರುತ್ತಿತ್ತು. ಶಮೀಮ್ ಡಬ್ಬಿ ಕೊಟ್ಟು ತಕ್ಷಣ ಹೋಗುತ್ತಿರಲಿಲ್ಲ. ಸುಮ್ಮನೆ ನಿಲ್ಲುತ್ತಿದ್ದಳು. ನಾನೇ "ಕೇಸ್ ಇದೆ ಕಣಮ್ಮ" ಅಂತ ಒಳಗೆ ಹೋಗಿಬಿಡುತ್ತಿದ್ದೆ. ಆ ಶೀರ್ ಖುರ್ಮಾ ಒಂದು ವರ್ಷವೂ ನನ್ನ ಗಂಟಲಿಂದ ಇಳಿಯಲಿಲ್ಲ. ಎಂಟು ವರ್ಷವಾದ ಮೇಲೆ ಅವಳು ಬರುವುದು ನಿಂತಿತು. ನನಗೆ ಹಾಯೆನಿಸಿತು ಅಂತ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಹಾಯೆನಿಸಿದ್ದು ನಿಜ.

ಆಮೇಲೆ ಕಾಲ ಬದಲಾಯಿತು, ಟ್ರೈನಿಂಗ್ ಅಂತ ಶುರುವಾದವು. ಯಶವಂತಪುರದ ಕಡೆ ಒಂದು ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂರಿಸಿದರು. ಕಲಿಸುವವಳು ನನ್ನ ಅರ್ಧ ವಯಸ್ಸಿನ ಡಾಕ್ಟರ್. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹೊಟ್ಟೆ, ಒಳಗೊಂದು ರಬ್ಬರಿನ ಮಗು. "ಭುಜ ಸಿಕ್ಕಿಕೊಂಡರೆ ಮೊದಲ ನಿಯಮ, ಎಳೆಯಬೇಡಿ. ಹೊಟ್ಟೆಯ ಮೇಲ್ಭಾಗ ಒತ್ತಬೇಡಿ. ಸಹಾಯಕ್ಕೆ ಕೂಗಿ. ತಾಯಿಯ ಎರಡೂ ಮಂಡಿ ಮಡಚಿ ಎದೆಯ ಕಡೆ ತನ್ನಿ" ಅಂದಳು. ಮುನಿಯಮ್ಮ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

"ಸೀನಿಯರ್ ಮೇಡಂ, ನೀವು ಬಂದು ಮಾಡಿ ತೋರಿಸಿ" ಅಂತ ನನ್ನನ್ನು ಕರೆದಳು. ಹೋದೆ. ಏನು ಮಾಡಬೇಕು ಅಂತ ಅವಳು ಈಗಷ್ಟೇ ಹೇಳಿದ್ದಳು. ಆದರೂ ರಬ್ಬರಿನ ತಲೆ ಕೈಗೆ ಸಿಕ್ಕಿದ ಕೂಡಲೇ ನನ್ನ ಕೈ ತಾನಾಗಿ ಎಳೆಯಿತು. ಗೊಂಬೆಯ ಕತ್ತು ಉದ್ದವಾಯಿತು. "ಅಯ್ಯೋ ಮೇಡಂ, ಮಗು ಕೈ ಹೋಯ್ತು!" ಅಂತ ಅವಳು ತಮಾಷೆಗೆ ಅಂದಳು. ಅಲ್ಲಿದ್ದವರೆಲ್ಲ ನಕ್ಕರು. ನಾನು ಗೊಂಬೆಯನ್ನು ಮೇಜಿನ ಮೇಲಿಟ್ಟು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಬಿಕ್ಕಿ ಬಿಕ್ಕಿ ಅತ್ತೆ.

ಅವತ್ತಿನಿಂದ ನಾನು ಮುನಿಯಮ್ಮನ ಸ್ಟೂಲಿನ ಮೇಲೆ ಕೂರುವುದನ್ನು ಕಲಿತೆ. ಸುಮ್ಮನೆ ಕೂರುವುದು ಅಂದರೆ ಕಣ್ಣು ಮುಚ್ಚಿ ಕೂರುವುದಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ನೋವು ಎಣಿಸಬೇಕು, ಮಗುವಿನ ಎದೆಬಡಿತ ಕೇಳಬೇಕು, ದೊಡ್ಡಾಸ್ಪತ್ರೆಗೆ ಕಳಿಸಬೇಕಾದವರನ್ನು ಹೊತ್ತಿಗೆ ಮುಂಚೆ ಕಳಿಸಬೇಕು. ಮಾಡುವುದನ್ನೆಲ್ಲ ಮಾಡಿ, ಆಮೇಲೆ ಕೈ ತೆಗೆಯಬೇಕು. ಕೈ ತೆಗೆಯುವುದಿದೆಯಲ್ಲ, ಅದರಷ್ಟು ಕಷ್ಟ ಇನ್ನೊಂದಿಲ್ಲ. ಮೈಯೆಲ್ಲ ಬೆವರುತ್ತದೆ. ಒಬ್ಬಳ ಅತ್ತೆ ಬಾಗಿಲು ಬಡಿದು, "ಏನ್ರೀ ಸಿಸ್ಟರ್, ಸಂಬಳ ತಗೊಳ್ಳಲ್ವಾ? ಸುಮ್ನೆ ಕೂತಿದ್ದೀರಲ್ಲ!" ಅಂತ ಬೈದರು. ಒಬ್ಬ ಹೊಸ ಡಾಕ್ಟರ್ ಕೂಡ, "ಭೀಮಕ್ಕಂಗೆ ವಯಸ್ಸಾಯ್ತು, ಶಕ್ತಿ ಇಲ್ಲ" ಅಂದ. ಮುಕ್ಕಾಲು ಗಂಟೆ ಕಳೆದ ಮೇಲೆ ಆ ಮಗು ತಾನಾಗಿ ಜಾರಿ ನನ್ನ ಅಂಗೈಗೆ ಬಂತು.

ಇದನ್ನು ಓದಿ ಜಯಾ ಸಿಸ್ಟರ್‌ಗೆ ಕೊನೆಗೂ ಭಕ್ತಿ ಬಂತು ಅಂದುಕೊಳ್ಳಬೇಡಿ. ನನ್ನದು ಭಯ. ನನ್ನ ಕೈಯನ್ನು ಕಂಡರೆ ನನಗೇ ಭಯ. ಮುನಿಯಮ್ಮನಿಗೆ ಮೇಲೆ ಒಬ್ಬ ಕಾಣಿಸುತ್ತಿದ್ದ, ಅವನ ಮೇಲೆ ಬಿಟ್ಟು ನಿಶ್ಚಿಂತೆಯಾಗಿ ಎಲೆಅಡಿಕೆ ಹಾಕುತ್ತಿದ್ದರು. ನನಗೆ ಯಾರೂ ಕಾಣಿಸಲಿಲ್ಲ. ಅಗತ್ಯಕ್ಕೆ ಒಂದು ಸಲ ಅವನ ಹೆಸರು ಬಳಸಿಕೊಂಡು ಬಿಟ್ಟವಳು ನಾನು, ಮತ್ತೆ ಯಾವ ಮುಖ ಇಟ್ಟುಕೊಂಡು ಕರೆಯಲಿ?

ಟ್ರೈನಿಂಗ್ ಆದ ಮೇಲಾದರೂ ಶಮೀಮ್‌ಳನ್ನು ಹುಡುಕಿ ಹೇಳಬಹುದಿತ್ತು. ಹೇಳಲಿಲ್ಲ. ಪೆನ್ಷನ್ ಕೈಗೆ ಬರಲಿ ಅಂದುಕೊಂಡೆ. ಬಂತು. ಆಮೇಲೆ ಮಂಡಿ ನೋವು ಅಂದುಕೊಂಡೆ. ಕೊನೆಗೆ ಈ ನರ್ಸ್ ಹುಡುಗಿ ಮನೆಗೆ ಬಂದು, ಅದೇ ಕೈಯನ್ನು ಹಾಗೇ ಕಣ್ಣಿಗೊತ್ತಿಕೊಂಡು ಹೋದಳಲ್ಲ, ಆಮೇಲೆ ನನಗೆ ತಡೆಯುವುದಕ್ಕಾಗಲಿಲ್ಲ. ಹೆಬ್ಬಾಳದಲ್ಲಿ ವಿಚಾರಿಸಿದೆ. ಸೀಟು ಹೊಲಿಯುವ ಅಂಗಡಿ ಈಗ ಆರ್.ಟಿ. ನಗರದಲ್ಲಿದೆ, ಮಗ ನೋಡಿಕೊಳ್ಳುತ್ತಾನೆ ಅಂದರು. ಹೋದ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಅಂಗಡಿಯ ಮೇಲೇ ಮನೆ.

ಶಮೀಮ್‌ಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ಸಿಸ್ಟರ್! ಬನ್ನಿ, ಕೂತ್ಕೊಳ್ಳಿ" ಅಂತ ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. "ನಾಜೂ, ಚಾಯ್ ಇಡು" ಅಂತ ಒಳಗೆ ಕೂಗಿದಳು. ಅತ್ತೆ ತೀರಿಕೊಂಡಿದ್ದು, ಗಂಡನಿಗೆ ಬೆನ್ನುನೋವು, ನಾಜ್ನೀನ್ ಈಗ ಇಪ್ಪತ್ತನಾಲ್ಕು, ಮೆಡಿಕಲ್ ಶಾಪಿನಲ್ಲಿ ಬಿಲ್ ಹಾಕುವ ಕೆಲಸ, ಇವತ್ತು ರಜೆ, ಎಲ್ಲ ಹೇಳಿದಳು. ನಾಜ್ನೀನ್ ಎಡಗೈಯಲ್ಲಿ ಒಂದು ಕಪ್ ತಂದು ನನ್ನ ಮುಂದೆ ಇಟ್ಟು, "ನಮಸ್ಕಾರ ಆಂಟಿ" ಅಂದು ಇನ್ನೊಂದು ಕಪ್ ತರಲು ಒಳಗೆ ಹೋದಳು. ತಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ತರಲು ಅವಳಿಗೆ ಆಗುವುದಿಲ್ಲ.

ಅವಳು ಒಳಗೆ ಹೋದದ್ದೇ ನಾನು ಒಂದೇ ಉಸಿರಿಗೆ ಅಂದುಬಿಟ್ಟೆ: "ಶಮೀಮ್, ಅದು ದೇವರು ಕೊಟ್ಟಿದ್ದಲ್ಲ. ನಾನ್ ಎಳೆದೆ. ಮುನಿಯಮ್ಮ ಬೇಡ ಅಂದ್ರೂ ಎಳೆದೆ. ನನ್ನ ಕೈಯಿಂದ ಆಗಿದ್ದು. ನಿನ್ ಹತ್ರ ಸುಳ್ಳು ಹೇಳಿದೆ."

"ಗೊತ್ತು ಸಿಸ್ಟರ್" ಅಂದಳು. "ನಾಜುಗೆ ಎರಡು ವರ್ಷ ಇದ್ದಾಗ ದೊಡ್ಡಾಸ್ಪತ್ರೇಲಿ ತೋರಿಸಿದ್ವಿ. ಹೆರಿಗೇಲಿ ಎಳೆದಿದಾರೆ, ನರ ಹೋಗಿದೆ, ಲೇಟಾಗಿ ಬಂದ್ರಿ ಅಂದ್ರು."

"ಮತ್ತೆ... ಆಮೇಲೂ ಹಬ್ಬಕ್ಕೆ ಬರ್ತಿದ್ದೆಯಲ್ಲ?"

"ನೀವ್ ಹೇಳ್ತೀರಾ ಅಂತ ಬರ್ತಿದ್ದೆ. ಈ ವರ್ಷ ಹೇಳ್ತಾರೆ, ಮುಂದಿನ ವರ್ಷ ಹೇಳ್ತಾರೆ ಅಂತ. ಕಂಪ್ಲೇಂಟ್ ಕೊಡೋಣ ಅಂದ್ರು ನಮ್ಮನೆಯವ್ರು. ನಾನೇ ಬೇಡ ಅಂದೆ. ನಮ್ ಕೈಲಿ ಏನಾಗುತ್ತೆ ಸಿಸ್ಟರ್, ನಾವ್ ಬಡವ್ರು. ಅಲ್ಲಾ ನೋಡ್ಕೋತಾನೆ ಅಂತ ಅವನ ಮೇಲೆ ಬಿಟ್ಟೆ."

"ಕ್ಷಮಿಸಿಬಿಡು ತಾಯಿ" ಅಂತ ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. "ನಾನ್ ಹೇಗೆ ಮಾಫ್ ಮಾಡ್ಲಿ? ಕೈ ನಂದಲ್ಲ" ಅಂದಳು.

ಆಗ ನೋಡಿದರೆ ನಾ‌ಜ್ನೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಎಡಗೈಯಲ್ಲಿ ಎರಡನೇ ಕಪ್. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಮ್ಮೀ, ನಿಮಗ್ ಗೊತ್ತಿತ್ತಾ?"

ಶಮೀಮ್ ಹೌದೆಂದು ತಲೆಯಾಡಿಸಿದಳು.

"ಅಲ್ಲಾ ಕೊಟ್ಟಿದ್ದು, ಯಾಕೆ ಅಂತ ಕೇಳ್ಬಾರ್ದು ಅಂದ್ರಿ. ಕೇಳ್ದಾಗೆಲ್ಲ ಅದನ್ನೇ ಅಂದ್ರಿ."

"ನಿಂಗೆ ಜನರ ಮೇಲೆ ದ್ವೇಷ ಬರಬಾರ್ದು ಅಂತ ಬೇಟಾ..." ಶಮೀಮ್ ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

ನಾಜ್ನೀನ್ ಕಪ್ಪನ್ನು ಮೇಜಿನ ಮೇಲಿಟ್ಟಳು. ಚೂರೂ ಚೆಲ್ಲಲಿಲ್ಲ. ನನ್ನ ಕಡೆ ತಿರುಗಿದಳು. ದನಿ ಎತ್ತಲಿಲ್ಲ.

"ಆಂಟಿ, ನಾನು ಒಂಬತ್ತನೇ ಕ್ಲಾಸಲ್ಲಿ ನಮಾಜ್ ಬಿಟ್ಟೆ. ದುವಾ ಮಾಡುವಾಗ ಎರಡೂ ಕೈ ಎತ್ತಿ ಮುಂದೆ ಹಿಡೀಬೇಕು. ನಂದೊಂದು ಬರಲ್ಲ. ಬರದಿರೋ ಹಾಗೆ ಮಾಡಿದವನೇ ಅವನು, ಅವನ ಮುಂದೇನೇ ಯಾಕೆ ಬೇಡ್ಬೇಕು ಅನ್ನಿಸ್ತು. ಹತ್ತು ವರ್ಷ ಆಯ್ತು. ಅಮ್ಮಿ ಅಳ್ತಾರೆ, ಅಬ್ಬಾ ಬೈತಾರೆ, ನಾನ್ ಚಾಪೆ ಮೇಲೆ ನಿಂತಿಲ್ಲ. ಅವನ ಜೊತೆ ಮಾತೇ ಬಿಟ್ಟಿದ್ದೆ." ತಾಯಿಯ ಕಡೆಗೂ ಒಮ್ಮೆ ನೋಡಿದಳು. "ಅವನದು ಏನೂ ತಪ್ಪೇ ಇರ್ಲಿಲ್ಲ, ಅಲ್ವಾ? ನೀವಿಬ್ರೂ ಸೇರ್ಕೊಂಡು ಅವನ ತಲೆಗೆ ಕಟ್ಟಿದ್ರಿ."

"ನನ್ನ ಮೇಲೆ ಕೋಪ ಮಾಡ್ಕೋ ಕಣಮ್ಮ. ಇನ್ಮೇಲೆ ಎಲ್ಲಾನೂ ನನ್ನ ಮೇಲೇ ಮಾಡ್ಕೋ" ಅಂದೆ. ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನರೆತ ಕೂದಲು, ಊದಿದ ಮಂಡಿ, ಮಡಿಲಲ್ಲಿಟ್ಟುಕೊಂಡ ಕೈ.

"ನಿಮಗ್ ವಯಸ್ಸಾಗಿದೆ ಆಂಟಿ" ಅಂದಳು. "ನಿಮ್ಮೇಲೆ ಕೋಪ ಮಾಡ್ಕೊಂಡ್ರೆ ಇನ್ನೆಷ್ಟು ದಿನ ಬರುತ್ತೆ? ಚಾಯ್ ಕುಡೀರಿ, ಆರೋಗುತ್ತೆ."

ಕುಡಿದೆ. ಅವಳು ನಾನು ಮುಗಿಸುವ ತನಕ ನಿಂತಿದ್ದು, ಖಾಲಿ ಕಪ್ ಎತ್ತಿಕೊಂಡು ಒಳಗೆ ಹೋದಳು.